ಕಾಡಿನೊಳಗಿನ ದೇವರ ಜಾಗಕ್ಕೆ ಸಮುದಾಯ ಹಕ್ಕಿನ ಅರ್ಜಿ ಹಾಕುವುದು

ಎಚ್.ಡಿ. ಕೋಟೆ, ಹುಣಸೂರು ಕಡೆಯ ಎಷ್ಟೋ ಹಾಡಿಗಳವರ (ಕಾಡಂಚಿನ ಆದಿವಾಸಿ ಊರುಗಳವರ) ದೇವರು, ಹಿರಿಯರ ಸಮಾಧಿಗಳು ನಾಗರಹೊಳೆ, ಬಂಡೀಪುರದ ಗಡಿಯೊಳಗೇ ಉಳಿದಿವೆ. ಉದ್ಯಾನವಾದ ಮೇಲೆ ಪೂಜೆಯ ಹಕ್ಕೂ ಹೋಯಿತು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. 2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಧಾರ್ಮಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿದ್ದು ಇದೇ ಕಾಯ್ದೆಯಡಿ.

ಈ ಕಾಯ್ದೆಯ ಅರ್ಜಿಗೆ ಮೂರು ನಮೂನೆಗಳಿವೆ. ನಮೂನೆ ಎ ಒಬ್ಬೊಬ್ಬರ ಭೂಮಿಗೆ. ದೇವರ ಜಾಗವನ್ನು ಅದರಲ್ಲಿ ಬರೆಯಬೇಡಿ. ಸಮುದಾಯ ಹಕ್ಕಿನ ನಮೂನೆ ಬಿಯಲ್ಲಿ 'ಇತರ ಸಾಂಪ್ರದಾಯಿಕ ಹಕ್ಕು' ಎಂಬಲ್ಲಿ ತುಂಬಿಸಿ. ಬರೀ 'ಪೂಜೆಯ ಹಕ್ಕು' ಎಂದರೆ ಸಾಲದು: ಪೂಜೆಗೆ ಒಪ್ಪಿ, ಹೋಗುವ ದಾರಿ ಮುಚ್ಚಿದರೆ ಏನು ಮಾಡುತ್ತೀರಿ? ಕಾಲುದಾರಿ, ಯಾವ ತಿಂಗಳು, ಎಷ್ಟು ದಿನ, ರಾತ್ರಿ ತಂಗುವುದುಂಟೇ, ನೀರು ಯಾವ ಹಳ್ಳದ್ದು, ಎಲ್ಲ ಬರೆಯಿರಿ. ಬೇಟೆ ಮಾತ್ರ ಈ ಕಾಯ್ದೆಯಲ್ಲಿಲ್ಲ. ಸುತ್ತಲ ಕಾಡನ್ನು ಕಾಯುವ ಹಕ್ಕೂ ಬೇಕಿದ್ದರೆ ನಮೂನೆ ಸಿ ಬೇರೆಯಾಗಿ ಹಾಕಬೇಕು.

ನಕ್ಷೆಗೆ ಹಿರಿಯರು ಮುಂದೆ ನಡೆಯಲಿ, ಮೊಬೈಲ್ ಹಿಡಿದವರು ಹಿಂದೆ. ದಟ್ಟ ಮರದಡಿ ಜಿಪಿಎಸ್ ತಪ್ಪು ತೋರಿಸುತ್ತದೆ. ಎರಡು ಮೂರು ನಿಮಿಷ ನಿಂತು, ಅಂಕಿ ಅಲುಗಾಡದಾದಾಗ ಗುರುತಿಸಿ. ಪ್ರತಿ ಗುರುತಿಗೂ ಹಾಡಿಯವರು ಕರೆಯುವ ಹೆಸರನ್ನೇ ಇಡಿ. ಹೊರಗಿನವರಿಗೆ ತೋರಿಸಬಾರದ ಕಲ್ಲಿದ್ದರೆ ಅದನ್ನು ಬಿಟ್ಟು, ಜಾಗದ ಎಲ್ಲೆಯನ್ನಷ್ಟೇ ಗುರುತಿಸಿದರೆ ಸಾಕು.

ಸಾಕ್ಷ್ಯ ಒಂದಕ್ಕಿಂತ ಹೆಚ್ಚಿರಲಿ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಸಮಾಧಿ, ಹಳೆ ಬಾವಿ, ದೇವರ ಜಾಗ ಇವೆಲ್ಲ ಸಾಕ್ಷ್ಯವೆಂದು ಈ ಕಾಯ್ದೆಯ ನಿಯಮಗಳ 13ನೇ ನಿಯಮದಲ್ಲೇ ಇವೆ. ಉಪಗ್ರಹ ಚಿತ್ರವನ್ನೊಂದೇ ಮುಂದಿಟ್ಟು ಅರ್ಜಿ ತಳ್ಳುವಂತಿಲ್ಲ.

ಅರ್ಜಿಯನ್ನು ಒಪ್ಪುವ ಠರಾವಿಗೆ ಗ್ರಾಮಸಭೆಯನ್ನು ಹಾಡಿಯಲ್ಲೇ ಸೇರಿಸಿ. ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದರಷ್ಟು ಹೆಂಗಸರಿರಬೇಕು. ಕೂಲಿಗೆ ಕೊಡಗಿಗೆ ಹೋದವರು ಬರುವ ದಿನ ನೋಡಿ. ಈ ಕೋರಂ ತಪ್ಪಿದರೆ ಠರಾವು ಊರ್ಜಿತವಾಗುವುದಿಲ್ಲ.

ಅರ್ಜಿ ಮುಗ್ಗರಿಸುವುದು ಹೆಚ್ಚಾಗಿ ಸ್ಥಳ ಪರಿಶೀಲನೆಯಲ್ಲಿ. ಅರಣ್ಯ, ಕಂದಾಯ ಇಲಾಖೆಗೆ ಮೊದಲೇ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಬಂದ ಅಧಿಕಾರಿ ಹೆಸರು, ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಹಾಕಬೇಕು. ಅವರು ಬಾರದೆ ಆಮೇಲೆ ಆಕ್ಷೇಪಿಸಿದರೆ ಇನ್ನೊಮ್ಮೆ ಪರಿಶೀಲನೆ ನಡೆಯಬಹುದು. ಆಗಲೂ ಬಾರದಿದ್ದರೆ ಪರಿಶೀಲನೆಯ ಬಗ್ಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಆ ಸ್ವೀಕೃತಿ ಇಲ್ಲದಿದ್ದರೆ ಇಲಾಖೆಗೆ ಮೊದಲೇ ತಿಳಿಸಿದ್ದನ್ನು ಸಾಬೀತು ಮಾಡಲಾಗದು.

ಗ್ರಾಮಸಭೆ ಒಪ್ಪಿದ ಮೇಲೆ ಕಡತ ಹುಣಸೂರಿನ ಉಪವಿಭಾಗ ಮಟ್ಟದ ಅರಣ್ಯ ಹಕ್ಕು ಸಮಿತಿಗೆ ಹೋಗುತ್ತದೆ. ಅಲ್ಲಿ ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆದು, 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಿ.