ಯುದ್ಧಕಾಲದಲ್ಲಿ ಆಸ್ಪತ್ರೆಗೆ ರೆಡ್‌ಕ್ರಾಸ್ ಗುರುತು: ಬಣ್ಣಕ್ಕಿಂತ ಮೊದಲು ಕಾಗದಪತ್ರ

ಎರಡು ದೇಶಗಳ ನಡುವೆ ಯುದ್ಧವಾದಾಗ ನಾಗರಿಕ ಆಸ್ಪತ್ರೆಯ ಮೇಲೆ ದಾಳಿ ಮಾಡಕೂಡದು ಎನ್ನುತ್ತದೆ 1949ರ ನಾಲ್ಕನೇ ಜಿನೀವಾ ಒಪ್ಪಂದದ 18ನೇ ವಿಧಿ. ಚಾವಣಿ ಮೇಲೆ ಗುರುತು ಇಲ್ಲದಿದ್ದರೂ ಈ ರಕ್ಷಣೆ ಇದ್ದೇ ಇದೆ. ಆದರೆ ಮೇಲೆ ಹಾರುವ ಪೈಲಟ್‌ಗೆ ಇದು ಆಸ್ಪತ್ರೆ ಎಂದು ಗೊತ್ತಾಗಬೇಕಲ್ಲ, ಗುರುತು ಬೇಕಾಗುವುದು ಅದಕ್ಕೆ.

ಮೊದಲು ಸರ್ಕಾರದ ಪ್ರಮಾಣಪತ್ರ. ಇದು ನಾಗರಿಕ ಆಸ್ಪತ್ರೆ, ರಕ್ಷಣೆ ಕಳೆದುಕೊಳ್ಳುವಂಥ ಕೆಲಸಕ್ಕೆ ಕಟ್ಟಡ ಬಳಕೆಯಾಗುತ್ತಿಲ್ಲ ಎಂಬ ಎರಡೂ ಮಾತು ಅದರಲ್ಲಿರಬೇಕು. ಕೆಂಪು ಕ್ರಾಸ್ ಹಾಕಲು ಸರ್ಕಾರದ ಅನುಮತಿಯೂ ಬೇಕು. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಈ ಚಿಹ್ನೆ ಬಳಸಿದರೆ 500 ರೂಪಾಯಿವರೆಗೆ ದಂಡ. ಮೆಡಿಕಲ್ ಶಾಪ್ ಬೋರ್ಡು, ಡಾಕ್ಟರ ಕಾರುಗಳ ಮೇಲೆ ಒಪ್ಪಿಗೆಯಿಲ್ಲದೆ ಬರೆಸಿಕೊಂಡ ಕೆಂಪು ಕ್ರಾಸ್‌ಗಳೆಲ್ಲ ಕಾನೂನಿಗೆ ವಿರುದ್ಧವೇ. ದಂಡ ಚಿಲ್ಲರೆ ಅನಿಸಬಹುದು. ಆದರೆ ಸಿಕ್ಕಸಿಕ್ಕಲ್ಲಿ ಕಾಣುವ ಗುರುತನ್ನು ಯುದ್ಧದಲ್ಲಿ ಯಾರೂ ನಂಬುವುದಿಲ್ಲ.

ಈಗ ಬಣ್ಣ. ಒಪ್ಪಂದ ಅಳತೆಯನ್ನಾಗಲಿ ಕೆಂಪಿನ ಛಾಯೆಯನ್ನಾಗಲಿ ನಿಗದಿ ಮಾಡಿಲ್ಲ. ಸಾಧ್ಯವಾದಷ್ಟು ದೊಡ್ಡದಾಗಿ ಬರೆಯಿರಿ. ಐದು ಸಮಚೌಕ ಜೋಡಿಸಿದ ಕ್ರಾಸ್ ಬರೆಯುವುದು ಸುಲಭ: ಚೌಕವೊಂದು 3 ಮೀಟರ್ ಆದರೆ ಕ್ರಾಸ್ 9 ಮೀಟರ್; ಸುತ್ತ ಒಂದೂವರೆ ಮೀಟರ್ ಬಿಳಿ ಬಿಟ್ಟರೆ ಒಟ್ಟು 12 ಮೀಟರ್ ಚೌಕ. ಕೆಂಪು ಭಾಗ 45 ಚದರ ಮೀಟರ್, ಬಿಳಿ 99. ಕೆಂಪು ಬರುವ ಜಾಗಕ್ಕೆ ಮೊದಲು ಕಪ್ಪು ಪ್ರೈಮರ್ ಹೊಡೆಯಿರಿ. ಇನ್‌ಫ್ರಾರೆಡ್ ಉಪಕರಣದಲ್ಲಿ ಬರೀ ಕೆಂಪು ಬಿಳಿಯೊಳಗೆ ಬೆರೆತುಹೋಗಬಹುದು, ಕೆಳಗಿನ ಕಪ್ಪು ಅದನ್ನು ಎದ್ದು ಕಾಣಿಸುತ್ತದೆ. ಈ ಸಲಹೆ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ (ಪೂರಕ ಒಪ್ಪಂದ) ಅನುಬಂಧದ್ದು. ಭಾರತ ಅದಕ್ಕೆ ಸೇರಿಲ್ಲ, ಆದರೂ ಪಾಲಿಸಲು ಅಡ್ಡಿಯೇನಿಲ್ಲ.

ಸಾಮಾನ್ಯವಾಗಿ ಕೆಡುವುದು ಇಲ್ಲೇ: ನೀರಿನ ಟ್ಯಾಂಕು, ಸೋಲಾರ್ ಪ್ಯಾನೆಲ್‌ಗಳು ಕ್ರಾಸಿನ ಒಂದು ತೋಳನ್ನು ಮುಚ್ಚುತ್ತವೆ, ಮಳೆಗಾಲದ ಪಾಚಿ ಬಿಳಿಯನ್ನು ಕಪ್ಪಾಗಿಸುತ್ತದೆ. ಬಿಳಿ ಜಾಗದಲ್ಲಿ ಆಸ್ಪತ್ರೆಯ ಹೆಸರು, ಲೋಗೊ ಬರೆಯಬೇಡಿ. ಭೂಸೇನೆಗೆ ಚಾವಣಿ ಕಾಣದು, ಗೋಡೆಗಳ ಮೇಲೂ ಗುರುತು ಇರಲಿ. ರಾತ್ರಿ ದೀಪ ಹಾಕಬಹುದು. ಬ್ಲ್ಯಾಕ್‌ಔಟ್ ಆದೇಶವಿದ್ದರೆ ಅಧಿಕಾರಿಗಳನ್ನು ಕೇಳದೆ ಸ್ವಿಚ್ ಮುಟ್ಟಬೇಡಿ.

ಸಿಬ್ಬಂದಿಗೆ 20ನೇ ವಿಧಿ. ಕಾಯಂ ಸಿಬ್ಬಂದಿಗೆ ಫೋಟೊ ಮತ್ತು ಉಬ್ಬುಮುದ್ರೆ ಇರುವ ಗುರುತಿನ ಚೀಟಿ, ಎಡತೋಳಿಗೆ ನೀರಿಗೆ ಹಾಳಾಗದ ಮುದ್ರೆಯೊತ್ತಿದ ಪಟ್ಟಿ. ಪಟ್ಟಿ ಕೊಡಬೇಕಾದ್ದು ಸರ್ಕಾರ, ದರ್ಜಿಯ ಹತ್ತಿರ ಹೊಲಿಸಿಕೊಂಡರೆ ನಡೆಯದು. ತಾತ್ಕಾಲಿಕ ಕೆಲಸಗಾರರು ಪಟ್ಟಿ ಕಟ್ಟುವುದು ಆ ಕೆಲಸದಲ್ಲಿರುವಾಗ ಮಾತ್ರ, ಅವರ ಚೀಟಿಯಲ್ಲಿ ಯಾವ ಕೆಲಸ ಎಂದು ಬರೆದಿರಬೇಕು. ಸಿಬ್ಬಂದಿಯ ಹೆಸರುಪಟ್ಟಿ ಸದಾ ತಿದ್ದಿ ಸಿದ್ಧವಿಡಿ.

ಇಷ್ಟೆಲ್ಲ ಮಾಡಿಯೂ ರಕ್ಷಣೆ ತಪ್ಪಿಹೋಗುವುದು 19ನೇ ವಿಧಿಯಿಂದ. ಗಾಯಾಳು ಸೈನಿಕನಿಗೆ ಚಿಕಿತ್ಸೆ ಕೊಡುವುದು ತಪ್ಪಲ್ಲ. ಅವನಿಂದ ತೆಗೆದುಕೊಂಡ, ಇನ್ನೂ ಒಪ್ಪಿಸದ ಬಂದೂಕು, ಗುಂಡು ಆವರಣದಲ್ಲಿದ್ದರೂ ತಪ್ಪಲ್ಲ. ಆದರೆ ಯಾವ ದಿನ ಬಂತು, ಯಾರಿಗೆ ಒಪ್ಪಿಸಿದಿರಿ ಎಂದು ಒಂದು ರಿಜಿಸ್ಟರ್ ಇಡಿ, ಇಲ್ಲದಿದ್ದರೆ ಆಸ್ಪತ್ರೆಯೇ ಶಸ್ತ್ರಾಗಾರ ಎಂಬ ಆರೋಪಕ್ಕೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಮೇಲ್ಮಹಡಿಯಲ್ಲಿ ಸೇನೆಯ ವೀಕ್ಷಣಾ ಠಾಣೆಗೋ ಮದ್ದುಗುಂಡಿನ ದಾಸ್ತಾನಿಗೋ ಜಾಗ ಕೊಟ್ಟರೆ ಕಥೆ ಬೇರೆ. ಆಗಲೂ ದಾಳಿಗೆ ಮೊದಲು ಎಚ್ಚರಿಕೆ ಕೊಡಬೇಕು, ಸಾಧ್ಯವಿದ್ದಾಗಲೆಲ್ಲ ತಕ್ಕಷ್ಟು ಗಡುವನ್ನೂ ಹೇಳಬೇಕು. ಅದು ಬಂದ ಕೂಡಲೇ ಆ ಬಳಕೆ ನಿಲ್ಲಿಸಿ, ನಿಲ್ಲಿಸಿದ್ದೇವೆ ಎಂದು ಸರ್ಕಾರದ ಮೂಲಕ ಲಿಖಿತವಾಗಿ ತಿಳಿಸಿ. ನಿಲ್ಲಿಸಲಾಗದಿದ್ದರೆ ಗಡುವಿನೊಳಗೆ ರೋಗಿಗಳನ್ನು ಸಾಗಿಸಿ, ಐಸಿಯುನಲ್ಲಿ ಇರುವವರಿಂದ ಶುರುಮಾಡಿ. ಅವರನ್ನು ಸಾಗಿಸಲು ಹೆಚ್ಚು ಹೊತ್ತು ಬೇಕು.