ಗುಹೆಯೊಳಗಿಂದ ನಕ್ಷತ್ರಗಳ ಫೋಟೊ: ಆಕಾಶಕ್ಕೊಂದು ಎಕ್ಸ್‌ಪೋಶರ್, ಕಲ್ಲಿಗೊಂದು

ಈ ಚಿತ್ರದ ಅರ್ಧ ಕೆಲಸ ಹಗಲಿನಲ್ಲೇ ಮುಗಿಯಬೇಕು. ಟ್ರೈಪಾಡ್ ಎಲ್ಲಿ ನಿಲ್ಲುತ್ತದೆಂದು ಗೊತ್ತುಮಾಡಿಕೊಂಡು, ಅದೇ ಜಾಗದಿಂದ ಗುಹೆಬಾಯಿಯ ಎಡ ಅಂಚು, ಬಲ ಅಂಚು ಎಷ್ಟು ಡಿಗ್ರಿಯಲ್ಲಿವೆ, ಮೇಲಂಚು ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. 30 ಡಿಗ್ರಿ ಅಗಲದ ಬಾಯಿಯಲ್ಲಿ ಆಕಾಶಗಂಗೆಯ ನಡುಭಾಗ ಸಿಗುವುದು ಸುಮಾರು 2 ಗಂಟೆ ಮಾತ್ರ. ಅಳತೆಗಳನ್ನು ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಹೋಲಿಸಿ ನೋಡಿದರೆ ತಾರೀಖು, ಗಂಟೆ ಎರಡೂ ಸಿಗುತ್ತವೆ. ಉತ್ತರಾರ್ಧಗೋಳದಲ್ಲಿ ಆ ನಡುಭಾಗ ದಕ್ಷಿಣದ ಕಡೆಗೇ ಇರುವುದರಿಂದ, ಉತ್ತರಕ್ಕೆ ಬಾಯ್ದೆರೆದ ಗುಹೆಯಲ್ಲಿ ಅದಕ್ಕಾಗಿ ಕಾಯಬೇಡಿ. ಅಲ್ಲಿ ಧ್ರುವನಕ್ಷತ್ರದ ಸುತ್ತಲಿನ ವೃತ್ತಗಳನ್ನು ತೆಗೆಯಿರಿ. ಕಬ್ಬಿಣದ ಅದಿರು, ಹಳೆಯ ಹಳಿಗಳ ಹತ್ತಿರ ದಿಕ್ಸೂಚಿ ತಪ್ಪು ತೋರಿಸುತ್ತದೆ, ಫೋನಿನದ್ದೂ ಅಷ್ಟೇ. ಅಂಥ ಕಡೆ ದಿಕ್ಕನ್ನು ನಕ್ಷೆಯಿಂದ ತೆಗೆದುಕೊಳ್ಳುವುದು ವಾಸಿ.

ಪಾಳುಬಿದ್ದ ಗಣಿಯಾದರೆ ಹೊರಗೆ ನಿಂತು ತೆಗೆಯಿರಿ, ಅದೂ ಮಾಲೀಕರ ಅನುಮತಿ ಪಡೆದು. ಒಳಗೆ ಮರದ ಆಸರೆಗಳು ಕೊಳೆತಿರುತ್ತವೆ. ನೆಲವೆಂದು ಕಾಲಿಟ್ಟ ಹಲಗೆಯ ಕೆಳಗೆ ಆಳದ ಬಾವಿಯಿರಬಹುದು. ಆಮ್ಲಜನಕ ಕಡಿಮೆಯಾದರೆ ಮೈಗೆ ಯಾವ ಎಚ್ಚರಿಕೆಯೂ ಸಿಗುವುದಿಲ್ಲ, ತಲೆ ತಿರುಗುವ ಹೊತ್ತಿಗೆ ಕಾಲು ಸೋತಿರುತ್ತದೆ. ಮೇಣದಬತ್ತಿ ಹಚ್ಚಿ ಪರೀಕ್ಷಿಸುವುದಂತೂ ಬೇಡವೇ ಬೇಡ: ಮೀಥೇನ್ ಇದ್ದರೆ ಸ್ಫೋಟವಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಇದ್ದರೆ ಬತ್ತಿ ಏನನ್ನೂ ಹೇಳುವುದಿಲ್ಲ. ಬಲ್ಲವರೊಂದಿಗೆ ಒಳಹೋಗುವುದಾದರೂ ಗ್ಯಾಸ್ ಮೀಟರ್ ಇರಲಿ, ಆಮ್ಲಜನಕ ಶೇ. 19.5ಕ್ಕಿಂತ ಇಳಿದರೆ ಕ್ಯಾಮೆರಾ ಅಲ್ಲೇ ಬಿಟ್ಟು ಹೊರಬನ್ನಿ.

ಗುಹೆಗೆ ಹೆಲ್ಮೆಟ್, ಒಬ್ಬೊಬ್ಬರಿಗೂ ಮೂರು ದೀಪ, ಕನಿಷ್ಠ ಮೂರು ಜನ. ಎಷ್ಟು ಹೊತ್ತಿಗೆ ಮರಳುತ್ತೀರೆಂದು ಹೊರಗಿರುವ ಒಬ್ಬರಿಗೆ ಗೊತ್ತಿರಬೇಕು.

ಇನ್ನು ಕ್ಯಾಮೆರಾ. ಆಕಾಶಕ್ಕೊಂದು, ಕಲ್ಲಿಗೊಂದು ಎಂದು ಬೇರೆ ಬೇರೆ ಫ್ರೇಮ್ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿ ಜೋಡಿಸುತ್ತೇವೆ. ಮುಂದಿನ ಅಂಕಿಗಳು ಫುಲ್‌ಫ್ರೇಮ್ ಕ್ಯಾಮೆರಾ, 20 ಮಿ.ಮೀ. ಲೆನ್ಸಿನವು. ಮೊದಲು ಆಕಾಶ: ದ್ಯುತಿರಂಧ್ರ ಎಫ್/2.8, ಸೆನ್ಸರಿನ ಸಂವೇದನೆ ಐಎಸ್‌ಒ 6400, ಶಟರ್ 15 ಸೆಕೆಂಡು. 500 ಅನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ (ಇಲ್ಲಿ 20) ಭಾಗಿಸುವ ಹಳೆಯ ಸೂತ್ರ 25 ಸೆಕೆಂಡು ಎನ್ನುತ್ತದೆ, ಆದರೆ ಈಗಿನ ಸೆನ್ಸರ್‌ಗಳಲ್ಲಿ ಅಷ್ಟಕ್ಕೆ ನಕ್ಷತ್ರಗಳು ಗೆರೆಯಾಗುತ್ತವೆ, 300ನ್ನು ಭಾಗಿಸಿ. ಲೈವ್ ವ್ಯೂನಲ್ಲಿ ಒಂದು ಪ್ರಕಾಶಮಾನ ನಕ್ಷತ್ರವನ್ನು ದೊಡ್ಡದು ಮಾಡಿ ಫೋಕಸ್ ಹಿಡಿದು ರಿಂಗಿಗೆ ಟೇಪ್ ಅಂಟಿಸಿ. ಒಂದರ ಹಿಂದೊಂದು 12 ಫ್ರೇಮ್ ತೆಗೆದು ಸೀಕ್ವೇಟರ್ ಎಂಬ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿದರೆ, ಅಂದರೆ ಒಂದರ ಮೇಲೊಂದು ಸೇರಿಸಿದರೆ, ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ಬಹಳ ತಗ್ಗುತ್ತದೆ.

ಹೀಗೆ ಅನಂತಕ್ಕೆ ಫೋಕಸ್ ಮಾಡಿದಾಗ ಸುಮಾರು 4.8 ಮೀಟರಿಗಿಂತ ಹತ್ತಿರದ ಕಲ್ಲೆಲ್ಲ ಮಸುಕು. ಆದ್ದರಿಂದ ಟ್ರೈಪಾಡನ್ನು ಬಾಯಿಯ ಅಂಚಿನಿಂದ ಕನಿಷ್ಠ 5 ಮೀಟರ್ ಒಳಗಿಡಿ. ಅಂಚು ಹತ್ತಿರವಾದರೆ ಅದು ಆಕಾಶದ ಫ್ರೇಮಿನಲ್ಲಿ ಹರಡಿಕೊಂಡು, ಜೋಡಿಸುವಾಗ ಕಪ್ಪು ಪಟ್ಟಿಯಂತೆ ಉಳಿಯುತ್ತದೆ. ಎಷ್ಟು ಮಾಸ್ಕ್ ಮಾಡಿದರೂ (ಬೇಡದ ಭಾಗವನ್ನು ಮರೆಮಾಡಿದರೂ) ಅದು ಹೋಗುವುದಿಲ್ಲ.

ಎರಡನೆಯ ಫ್ರೇಮ್ ಕಲ್ಲಿಗೆ. ಟ್ರೈಪಾಡ್ ಅಲುಗಿಸದೆ ಎಫ್/8, ಐಎಸ್‌ಒ 1600, 8 ನಿಮಿಷ, ಫೋಕಸ್ 1.7 ಮೀಟರಿಗೆ. ಸುಮಾರು 85 ಸೆಂ.ಮೀ.ನಿಂದ ಆಚೆಯದೆಲ್ಲ ಸ್ಪಷ್ಟವಾಗಿ ಬರುತ್ತದೆ. ಬೆಳಕಿನ ಲೆಕ್ಕದಲ್ಲಿ ಇದು ಮೊದಲ ಫ್ರೇಮಿಗೆ ಸಮ. ನಕ್ಷತ್ರಗಳು ಗೆರೆಯಾದರೂ ಚಿಂತೆಯಿಲ್ಲ, ಆ ಭಾಗ ಮಾಸ್ಕಿನಡಿ ಹೋಗುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಇದೊಂದಕ್ಕೆ ಆನ್ ಮಾಡಿ, ಕ್ಯಾಮೆರಾ ಶಟರ್ ಮುಚ್ಚಿ ಅಷ್ಟೇ ಉದ್ದದ ಕಪ್ಪು ಫ್ರೇಮ್ ತೆಗೆದು ನಾಯ್ಸ್ ಕಳೆಯುವವರೆಗೆ ಮತ್ತೆ 8 ನಿಮಿಷ ಕಾಯಿರಿ.

ಹೆಚ್ಚಿನ ಚಿತ್ರಗಳು ಕೆಡುವುದು ಬೆಳಕಿನಲ್ಲಿ. ಟಾರ್ಚ್ ಬೀಸಿದರೆ ಕಲ್ಲು ಸುಟ್ಟುಹೋಗಿ ಆಕಾಶ ಕಪ್ಪಾಗುತ್ತದೆ, ಎರಡು ಫ್ರೇಮ್ ಒಂದರಂತೆ ಒಂದು ಬರುವುದೂ ಇಲ್ಲ. ಸ್ಟ್ಯಾಂಡಿನ ಮೇಲೆ ಚಿಕ್ಕ ಎಲ್‌ಇಡಿ ಪ್ಯಾನೆಲ್ ಇಟ್ಟು ಕೊನೆಯವರೆಗೂ ಉರಿಯಲು ಬಿಡಿ. ಬಣ್ಣ 3500 ಕೆಲ್ವಿನ್ ಆಸುಪಾಸು, ಪ್ರಖರತೆ ಶೇ. 1. ಅದೂ ಜಾಸ್ತಿ ಅನಿಸಿದರೆ ಬಿಳಿ ಬಟ್ಟೆ ಮುಚ್ಚಿ ಅಥವಾ ದೂರ ಸರಿಸಿ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾದ ಹಿಂದಿನಿಂದ ಬಿದ್ದ ಬೆಳಕಿನಲ್ಲಿ ಗೋಡೆ ಸಪಾಟಾಗಿ ಕಾಣುತ್ತದೆ. ಪಕ್ಕದ ಬಂಡೆಯ ಮರೆಯಿಂದ ಓರೆಯಾಗಿ ಹಾಯಿಸಿದರೆ ಪ್ರತಿ ಬಿರುಕೂ ಎದ್ದು ಬರುತ್ತದೆ. 20 ನಿಮಿಷ ಕತ್ತಲಲ್ಲಿ ಕುಳಿತ ಕಣ್ಣಿಗೆ ಗೋಡೆ ಕಂಡೂ ಕಾಣದಂತಿದ್ದರೆ ಅಳತೆ ಸರಿ.

ಗುಹೆಬಾಯಿಯಲ್ಲಿ ಮನುಷ್ಯಾಕೃತಿ ಬೇಕಿದ್ದರೆ ಆಕಾಶದ ಫ್ರೇಮುಗಳಾದ ಮೇಲೆ ಬೇರೆಯಾಗಿ 15 ಸೆಕೆಂಡಿನ ಒಂದು ಫ್ರೇಮ್ ತೆಗೆಯಿರಿ, ಅವರು ಕಲ್ಲಿಗೆ ಒರಗಿ ನಿಲ್ಲಲಿ. 1860ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ನೆಲದಡಿಯ ಮೂಳೆಗೂಡಿನ ಸುರಂಗಗಳಾದ ಕ್ಯಾಟಕಾಂಬ್‌ಗಳನ್ನು ವಿದ್ಯುದ್ದೀಪದಲ್ಲಿ ತೆಗೆದ ಫ್ರೆಂಚ್ ಛಾಯಾಗ್ರಾಹಕ ನಾದಾರ್ ಮನುಷ್ಯರ ಬದಲು ಗೊಂಬೆ ನಿಲ್ಲಿಸಿದ್ದರು. 18 ನಿಮಿಷದವರೆಗಿನ ಎಕ್ಸ್‌ಪೋಶರಿಗೆ ಬೇರೆ ದಾರಿಯಿರಲಿಲ್ಲ.

ಗುಹೆಯ ಗಾಳಿಯಲ್ಲಿ ತೇವ ಹೆಚ್ಚು. ತಣ್ಣಗಿನ ಲೆನ್ಸ್ ಹೊರತೆಗೆದ ಕೂಡಲೇ ಮಂಜು ಕಟ್ಟುತ್ತದೆ, ಒರೆಸಿದರೆ ಮತ್ತೆ ಕಟ್ಟುತ್ತದೆ. ಬ್ಯಾಗನ್ನು ಮುಚ್ಚಿಯೇ ಅರ್ಧ ಗಂಟೆ ಒಳಗಿಟ್ಟು ಆಮೇಲೆ ತೆರೆಯಿರಿ. ಉಸಿರಿನ ಹಬೆಯೂ ಬೆಳಕಿಗೆ ಸಿಕ್ಕಿ ಬಿಳಿ ಕಲೆಯಾಗುತ್ತದೆ, ಶಟರ್ ಒತ್ತಿದ ಮೇಲೆ ಕ್ಯಾಮೆರಾದ ಹಿಂದಕ್ಕೆ ಸರಿದು ನಿಲ್ಲಿ.

ಬಾವಲಿಗಳು ನೇತಾಡುತ್ತಿದ್ದರೆ ಆ ಗುಹೆಯನ್ನು ಬಿಟ್ಟುಬಿಡಿ. ಚಳಿನಿದ್ದೆಯಲ್ಲಿರುವ ಬಾವಲಿ ಎಚ್ಚರಗೊಂಡಾಗಲೆಲ್ಲ ಚಳಿಗಾಲ ಕಳೆಯಲು ಕೂಡಿಟ್ಟ ಕೊಬ್ಬು ಕರಗುತ್ತದೆ. ಉತ್ತರ ಅಮೆರಿಕದಲ್ಲಿ 2006ರಿಂದ ಲಕ್ಷಾಂತರ ಬಾವಲಿಗಳನ್ನು ಕೊಂದ ಬಿಳಿಮೂಗು ರೋಗದ ಶಿಲೀಂಧ್ರ ಬಟ್ಟೆ, ಶೂ, ಟ್ರೈಪಾಡ್ ಕಾಲುಗಳಿಗೆ ಅಂಟಿಯೂ ಹರಡಬಲ್ಲದು. ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಕೆಸರು ತೆಗೆದು, ನೀರು ತಾಳುವ ಸಾಮಾನನ್ನೆಲ್ಲ 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿಡಿ.