ಹೆಬ್ಬೇವಿನ ಸುಳಿ ಮೇಲಕ್ಕೆ ಏಳಬೇಕಾದರೆ

ಕೊಂಬೆ ಕಡಿದಷ್ಟೂ ಮರ ಎತ್ತರವಾಗುತ್ತದೆ ಎಂದು ಅರಸೀಕೆರೆ, ಕಡೂರು ಕಡೆ ಪ್ಲೈವುಡ್ಡಿಗೆಂದು ಹೆಬ್ಬೇವು ಹಾಕಿದ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಮರ ಉಣ್ಣುವುದು ಎಲೆಯಿಂದ. ತುದಿಯಲ್ಲಿ ಒಂದು ಪೊರಕೆಯಷ್ಟು ಸೊಪ್ಪು ಬಿಟ್ಟು ಉಳಿದದ್ದೆಲ್ಲ ಸವರಿದರೆ ಕಾಂಡ ದಪ್ಪವಾಗದೆ ಸಣಕಲಾಗಿ ಗಾಳಿಗೆ ಬಾಗುತ್ತದೆ, ಮೈತುಂಬಾ ಮತ್ತೆ ಚಿಗುರು ಒಡೆಯುತ್ತದೆ. 12 ಅಡಿ ಗಿಡಕ್ಕೆ ಕೆಳಗಿನ 6 ಅಡಿ ಬೋಳಾದರೆ ಸಾಕು, ಮೇಲಿನ ಅರ್ಧ ಮುಟ್ಟಬೇಡಿ.

ಮೊದಲ ವರ್ಷ ಕತ್ತಿಯೇ ಬೇಡ. ಹೆಬ್ಬೇವಿನ ಎಲೆ ದೊಡ್ಡದು, ಅದರ ದಂಟನ್ನೇ ಕೊಂಬೆ ಎಂದುಕೊಂಡು ಕತ್ತರಿಸುವವರಿದ್ದಾರೆ. ದಂಟು ತಾನೇ ಉದುರುತ್ತದೆ. ಅದರ ಕಂಕುಳಲ್ಲಿ ಹೊರಡುವ ಮೊಗ್ಗು ಎಳೆಯದಿರುವಾಗಲೇ ಹೆಬ್ಬೆರಳಿನಿಂದ ಒತ್ತಿ ಮುರಿಯಿರಿ, ಗುರುತೂ ಉಳಿಯುವುದಿಲ್ಲ. ಸುಳಿ ಎರಡಾಗಿ ಕವಲೊಡೆದಿದ್ದರೆ ನೆಟ್ಟಗಿರುವುದನ್ನು ಬಿಟ್ಟು ಇನ್ನೊಂದನ್ನು ತೆಗೆಯಿರಿ. ಎತ್ತರ ಕೆಡಿಸುವುದು ಹೆಚ್ಚಾಗಿ ಈ ಜೋಡಿ ಸುಳಿಯೇ.

ಬಲಿತ ಕೊಂಬೆಗೆ ಗರಗಸ ಬೇಕು, ಮಚ್ಚು ಬೇಡ. ಎಲೆ ಉದುರಿ ಹೊಸ ಚಿಗುರು ಬರುವ ಮುನ್ನ, ಜನವರಿ-ಫೆಬ್ರವರಿಯ ಒಣ ದಿನಗಳಲ್ಲಿ ಕೆಲಸ ಮುಗಿಸಿ. ಮಳೆಯಲ್ಲಿ ಗಾಯ ಕೊಳೆಯುತ್ತದೆ. ಕಾಂಡದಿಂದ ಒಂದು ಗೇಣು ದೂರ ಕೊಂಬೆಯ ಅಡಿಭಾಗದಲ್ಲಿ ಮೂರನೇ ಒಂದು ಪಾಲು ಕೊಯ್ಯಿರಿ. ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದು ಬೀಳಿಸಿ. ಅಡಿಗಚ್ಚು ಹಾಕದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಮಾರುದ್ದ ಸಿಗಿದುಕೊಂಡು ಬರುತ್ತದೆ. ಆಮೇಲೆ ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯ ಹೊರಗೆ ಕೊಯ್ಯಿರಿ. ಬಳೆ ಕೊಯ್ದರೆ ಗಾಯ ಮುಚ್ಚದು. ಮೋಟು ಬಿಟ್ಟರೆ ಅದು ಒಣಗಿ ಸತ್ತ ಗಂಟಾಗುತ್ತದೆ, ಪ್ಲೈವುಡ್ ಹಾಳೆ ಸುಲಿಯುವಾಗ ಆ ಗಂಟು ಉದುರಿ ತೂತು ಬೀಳುತ್ತದೆ.

ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. 100 ಗ್ರಾಂ ಮೈಲುತುತ್ತನ್ನು (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಒಟ್ಟುಗೂಡಿಸಿ. ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗೆ ತಾಮ್ರ ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಕಲಸಿದ ದಿನವೇ ಬಳಸಿ.

ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದ ಸಿಲ್ವರ್ ಓಕ್‌ಗೂ ಮೇಲಿನ ಅರ್ಧ ಬಿಡುವ ಇದೇ ಅಳತೆ. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು, ಬಂದವರು ಬೆಳಕಿಗೆಂದು ತುದಿಯನ್ನೇ ಕಡಿಯದಂತೆ ಮುಂಚೆಯೇ ಹೇಳಿ, ಮೆಣಸಿನ ಬಳ್ಳಿ ಹಬ್ಬಿದ್ದರೆ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಲಿ. ಮೂರು ವಾರ ಬಿಟ್ಟು ಒಂದು ಸುತ್ತು ಬನ್ನಿ. ಕೊಯ್ದ ಜಾಗದ ಸುತ್ತ ಎದ್ದ ಚಿಗುರು ಆಗ ಬೆರಳಿಗೇ ಕಿತ್ತು ಬರುತ್ತದೆ.